ಕರ್ತೃವಿಲ್ಲದ ಕೃತಿ

ಈ ವಾರ್ಷಿಕ ಸಂಚಿಕೆಗೆ ಒಂದು ವಿಮರ್ಶಾ ಲೇಖನ ಬೇಕೆಂದು ಸಂಪಾದಕರು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಯಾವುದಾದರೂ ಹೊಸ ಕವನಸಂಕಲನವೋ ಕಾದಂಬರಿಯೋ ಇರಬೇಕು. ನಾನು ಆರಿಸಿಕೊಂಡಿರುವ ಕೃತಿಗೆ ಮುಖಪುಟವಿಲ್ಲ, ಬೆಲೆಯಿಲ್ಲ, ಮುನ್ನುಡಿಯಿಲ್ಲ. ಬರೆದವನ ಹೆಸರೂ ಇಲ್ಲ. ಆದರೂ ನಮ್ಮ ಕಾಸರಗೋಡಿನ ಮನೆಮನೆಗಳಲ್ಲಿ ಇಷ್ಟು ಓದಿಸಿಕೊಳ್ಳುವ ಬರಹ ಬೇರೊಂದಿಲ್ಲ. ಮೊಬೈಲಿನಿಂದ ಮೊಬೈಲಿಗೆ ದಾಟಿಬಂದು, 'ಎಲ್ಲರಿಗೂ ತಿಳಿಸಿ' ಎಂದು ಮುಗಿಯುವ ಸುಳ್ಳು ಸಂದೇಶವೇ ಆ ಕೃತಿ. ತಿಳಿದವರು ಇದನ್ನು ಮಾಹಿತಿ ಸಮರದ ಆಯುಧವೆಂದು ಕರೆಯುತ್ತಾರೆ. ಆಯುಧವೇ ಇರಬಹುದು, ಆದರೆ ಅದು ನಮ್ಮ ಕೈಗೆ ಬರುವುದು ಬರಹವಾಗಿ. ಬರಹವೆಂದ ಮೇಲೆ ಅದನ್ನು ಓದುವ ಕ್ರಮವೊಂದು ಇರಬೇಕಲ್ಲವೇ?

ನಾನು ಪಂಡಿತನಲ್ಲ. ಬಿ.ಎ.ಯಲ್ಲಿ ಕನ್ನಡ ಓದಿ, ಆಮೇಲೆ ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ಗುಮಾಸ್ತ. ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ತಾಳೆ ನೋಡುವುದು, ಅಂಕಿಯ ಮೊತ್ತವೂ ಅಕ್ಷರದ ಮೊತ್ತವೂ ಒಂದೇ ಹೌದೋ ಎಂದು ನೋಡುವುದು, ತಾರೀಕು ತಿದ್ದಿದೆಯೇ ಎಂದು ಬೆಳಕಿಗೆ ಹಿಡಿಯುವುದು - ಇದು ನನ್ನ ಓದಿನ ಅಭ್ಯಾಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು: ಸಹಿ ತೀರಾ ಚೆನ್ನಾಗಿದ್ದರೆ ಎರಡು ಸಲ ನೋಡು; ತನ್ನ ಹೆಸರನ್ನು ತಾನೇ ಬರೆಯುವವನು ಅಷ್ಟು ಜಾಗ್ರತೆ ಮಾಡುವುದಿಲ್ಲ. ಇಷ್ಟು ಕಲಿತ ನಾನೇ ಒಮ್ಮೆ ಮೋಸಹೋದೆ. ಲೇಖನವನ್ನು ಅಲ್ಲಿಂದಲೇ ತೊಡಗುವುದು ನ್ಯಾಯ.

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣದಿಂದ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಮ್ಮವರು ಮರೆಯುವ ಸಂಗತಿಯಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ಹಲವು ರೋಗಿಗಳು ತಲಪಾಡಿ ದಾಟಲಾಗದೆ ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೆ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ಕಾಗದಪತ್ರ ನೋಡಿ ಬಿಡುವ ಒಪ್ಪಂದವಾಯಿತು. ಅದಾದ ಕೆಲವೇ ದಿನಗಳಲ್ಲಿ ನನ್ನ ಮೊಬೈಲಿಗೆ ಒಂದು ಸಂದೇಶ ಬಂತು. ರೋಗಿಗಳಿಗೆ ಕಾಗದ ಕೊಡುವಲ್ಲಿ ಕನ್ನಡದವರ ಹೆಸರನ್ನು ಬದಿಗಿಡುತ್ತಿದ್ದಾರೆ, ನಿನ್ನೆ 11 ಮಂದಿಯನ್ನು ದಾರಿಯಿಂದಲೇ ಹಿಂದೆ ಕಳಿಸಿದ್ದಾರೆ, ಇನ್ನು ಕಾಗದ ಇದ್ದರೂ ಗಡಿ ದಾಟಲು ಅನುವಾದ ಇಲ್ಲ, ಎಲ್ಲ ಕನ್ನಡಿಗರಿಗೂ ತಿಳಿಸಿ ಎಂದಿತ್ತು. ಓದಿದ ಕೂಡಲೇ ಸಿಟ್ಟು ಬಂತು. ಸಿಟ್ಟಿನಲ್ಲೇ ಕುಟುಂಬದ ಗುಂಪಿಗೆ ಕಳಿಸಿದೆ.

ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕಾದ ನನ್ನ ದೊಡ್ಡಮ್ಮನ ಮಗ ಆ ಗುಂಪಿನಲ್ಲಿದ್ದ. ಕಷ್ಟಪಟ್ಟು ಕಾಗದ ಮಾಡಿಸಿ ಮಾರನೆಯ ಬೆಳಿಗ್ಗೆ ಮಂಗಳೂರಿಗೆ ಹೊರಡಲು ತಯಾರಾಗಿದ್ದವನು, ದಾರಿಯಲ್ಲಿ ತಡೆದರೆ ಅಮ್ಮನನ್ನು ಬಿಸಿಲಲ್ಲಿ ಕೂರಿಸಿಕೊಂಡು ಏನು ಮಾಡುವುದೆಂದು ಹೊರಡಲಿಲ್ಲ. ಎರಡು ದಿನ ಕಳೆದು ಕಾಲು, ಮುಖ ಬೀಗಿ ಉಸಿರಾಡಲು ಕಷ್ಟವಾದಾಗ, ಆದದ್ದಾಗಲಿ ಎಂದು ಕರೆದುಕೊಂಡು ಹೋದ. ದಾರಿ ಇತ್ತು. ಕಾಗದ ನೋಡಿ ಬಿಟ್ಟರು. ದೊಡ್ಡಮ್ಮ ಉಳಿದುಕೊಂಡರು. ಆಮೇಲೆ ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: "ನೀನೇ ಕಳಿಸಿದ್ದಲ್ವಾ ಮಗಾ, ಹಾಗಾಗಿ ನಿಜ ಆಗಿರ್ಬೇಕು ಅಂತ ಎಣಿಸಿದೆವು." ಬೈದಿದ್ದರೆ ಹಗುರವಾಗುತ್ತಿತ್ತು.

ಅದೇ ವಾರ ಪಕ್ಕದ ಮನೆಯ ಮಾಷ್, ಮಲಯಾಳಂ ಅಧ್ಯಾಪಕರಾಗಿ ನಿವೃತ್ತರಾದವರು, ಆವರಣಗೋಡೆಯ ಆಚೆ ನಿಂತು ನನ್ನನ್ನು ಕರೆದರು. ಅವರಿಗೂ ಒಂದು ಸಂದೇಶ ಬಂದಿತ್ತು, ಮಲಯಾಳದಲ್ಲಿ. ಗಡಿಯ ಆಚೆ ಕನ್ನಡದ ಹೆಸರಿರುವವರನ್ನು ಮಾತ್ರ ಒಳಗೆ ಬಿಡುತ್ತಿದ್ದಾರೆ, ಮಲಯಾಳಿಗಳನ್ನು ಹಿಂದೆ ಕಳಿಸುತ್ತಿದ್ದಾರೆ, ನಿನ್ನೆ 11 ಮಂದಿ ಎಂದಿತ್ತು. ನನ್ನದನ್ನು ತೋರಿಸಿದೆ. ಮಾಷ್ ನಿಧಾನವಾಗಿ ಓದಿ, ಒಂದು ಕಡೆ ಬೆರಳಿಟ್ಟು, "ಇದ್ ಏದ್ ಭಾಷಯಾ ಸಾರೇ?" ಎಂದರು.

ಅವರು ಬೆರಳಿಟ್ಟದ್ದು 'ಅನುವಾದ' ಎಂಬ ಪದದ ಮೇಲೆ. ಈ ವಾರ್ಷಿಕದ ಓದುಗರಿಗೆ ವಿವರಿಸಬೇಕಾಗಿಲ್ಲ: ಮಲಯಾಳದಲ್ಲಿ ಅನುವಾದವೆಂದರೆ ಅನುಮತಿ, ಕನ್ನಡದಲ್ಲಿ ಭಾಷಾಂತರ. ಮಾಷರ ಸಂದೇಶದಲ್ಲಿ ಅದೇ ಜಾಗದಲ್ಲಿ ಅದೇ ಪದ ಸರಿಯಾದ ಅರ್ಥದಲ್ಲಿತ್ತು. ಅಂದರೆ ಗಡಿ ದಾಟಲು ಭಾಷಾಂತರವಿಲ್ಲ ಎಂಬ ವಾಕ್ಯವನ್ನು ಕನ್ನಡ ಓದಿದ ನಾನು ಓದಿ, ನಂಬಿ, ನಲವತ್ತು ಜನರಿಗೆ ಹಂಚಿದ್ದೆ. ಎರಡು ಭಾಷೆಯ ನಡುವೆ ಬದುಕುವ ನಮ್ಮ ಕಿವಿಗೆ ಇಂಥ ಬೆರಕೆ ತಟ್ಟುವುದೇ ಇಲ್ಲ. ನನಗೆ ಆಗ ತೋಚಿದ್ದು ಒಂದೇ: "ನೋಡಿ, ಇದನ್ನು ಮಲಯಾಳಿಯೇ ಬರೆದದ್ದು!" ಮಾಷ್ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮಗೆ ಅದನ್ನು ಕಳಿಸಿದವರು ಕನ್ನಡದ ಸ್ನೇಹಿತರೊಬ್ಬರೆಂದು ಹೇಳಿದರು. ಮೊದಲ ತಪ್ಪಿಗಿಂತ ಈ ಎರಡನೆಯ ತಪ್ಪು ದೊಡ್ಡದೆಂದು ಈಗ ನನಗೆ ಅನಿಸುತ್ತದೆ. ಆ ಪದ ಹೇಳುತ್ತಿದ್ದುದು ಬರಹ ಯಾವ ದಾರಿಯಿಂದ ಬಂತೆಂಬುದನ್ನು ಮಾತ್ರ. ಅದನ್ನು ಹಿಡಿದುಕೊಂಡು ಕರ್ತೃವಿನ ಜಾತಕ ಬರೆಯಹೊರಟದ್ದು ಕೆಟ್ಟ ವಿಮರ್ಶೆ. ಬರೆದವನು ಯಾರೇ ಇರಲಿ, ನಾವಿಬ್ಬರೂ ಹೀಗೆ ಗೋಡೆಯ ಎರಡು ಬದಿಯಲ್ಲಿ ನಿಂತು ಒಬ್ಬರ ಮೇಲೊಬ್ಬರು ಬೆರಳು ತೋರಿಸಬೇಕೆಂಬುದೇ ಆ ಬರಹದ ಉದ್ದೇಶವಾಗಿತ್ತು.

ನಮ್ಮ ಊರಿನ ಸಣ್ಣ ಸಂಗತಿಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ಇದೇ ತಂತ್ರವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ ದಾಖಲೆಯಿದೆ. 2016ರ ಮೇ 21ರಂದು ಅಮೆರಿಕದ ಹ್ಯೂಸ್ಟನ್ ನಗರದ ಇಸ್ಲಾಮಿಕ್ ಕೇಂದ್ರವೊಂದರ ಎದುರು, ಒಂದೇ ಬೀದಿಯ ಎರಡು ಬದಿಗಳಲ್ಲಿ ಎರಡು ಗುಂಪುಗಳು ಸೇರಿದವು. ಒಂದು ಗುಂಪನ್ನು ಕರೆದದ್ದು ಟೆಕ್ಸಾಸ್ ಅಭಿಮಾನದ ಫೇಸ್‌ಬುಕ್ ಪುಟ. ಇನ್ನೊಂದನ್ನು ಕರೆದದ್ದು ಅಮೆರಿಕದ ಮುಸ್ಲಿಮರ ಹೆಸರಿನ ಪುಟ. ಬಂದವರು ನಿಜವಾದ ಜನ, ಅವರ ಸಿಟ್ಟೂ ನಿಜ. ಆದರೆ ಎರಡೂ ಪುಟಗಳನ್ನು ನಡೆಸುತ್ತಿದ್ದುದು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಇಂಟರ್‌ನೆಟ್ ರಿಸರ್ಚ್ ಏಜೆನ್ಸಿ ಎಂಬ ಸಂಸ್ಥೆ. 2017ರ ನವೆಂಬರಿನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಇದು ಬಯಲಾಯಿತು. ಆ ದಿನದ ಕೂಟಕ್ಕೆ ಜಾಹೀರಾತಿಗೆಂದು ತಗಲಿದ ಖರ್ಚು ಸುಮಾರು 200 ಡಾಲರ್ ಎಂದು ಸಮಿತಿಯ ಅಧ್ಯಕ್ಷ ರಿಚರ್ಡ್ ಬರ್ ಹೇಳಿದರು. ಒಂದು ಫಿರಂಗಿ ಗುಂಡಿನ ಬೆಲೆಯೂ ಅಲ್ಲ. ಬೀದಿಯ ಎರಡು ಬದಿಯವರಿಗೂ ತಮ್ಮನ್ನು ಕರೆದ ಕೈ ಒಂದೇ ಎಂದು ತಿಳಿದಿರಲಿಲ್ಲ.

ಹಾಗಾದರೆ ಮೊದಲ ಪ್ರಶ್ನೆ ಕರ್ತೃವಿನದು. ಈ ಪ್ರಶ್ನೆ ಕೇಳುವುದು ನಮ್ಮ ನೆಲಕ್ಕೆ ಹೊಸತಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ಯಕ್ಷಗಾನ ಪ್ರಸಂಗಗಳನ್ನು ಬರೆದವರು ಯಾರೆಂದು ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟರಂಥ ವಿದ್ವಾಂಸರು ವರ್ಷಗಟ್ಟಲೆ ಚರ್ಚಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಕವಿಯಾಗಿದ್ದಂತೆಯೇ, ಕವಿಗಳ ಕಾಲ, ಶಾಸನಗಳ ತಾರೀಕು ಎಂದು ಆಧಾರ ಹುಡುಕುತ್ತಾ ಆಯುಷ್ಯ ಸವೆಸಿದ ಸಂಶೋಧಕರೂ ಆಗಿದ್ದರು. ಒಂದು ಪ್ರಸಂಗದ ಕರ್ತೃವಿಗಾಗಿ ಇಷ್ಟು ತಲೆಕೆಡಿಸಿಕೊಂಡ ನೆಲದಲ್ಲಿ ಹುಟ್ಟಿದ ನಾವು, ಮನೆಯವರ ಪ್ರಾಣಕ್ಕೆ ಸಂಬಂಧಿಸಿದ ಬರಹ ಬಂದಾಗ ಯಾರು ಬರೆದರೆಂದು ಕೇಳುವುದಿಲ್ಲ. ಕಳಿಸಿದವರು ಯಾರೆಂದು ನೋಡಿ ತೃಪ್ತರಾಗುತ್ತೇವೆ. ಕಳಿಸಿದವನು ಬರೆದವನಲ್ಲ, ಅವನು ಹಿಂಬರಹ ಹಾಕಿ ಚೆಕ್ಕು ದಾಟಿಸಿದವನು ಮಾತ್ರ. ನನ್ನ ಕುಟುಂಬಕ್ಕೆ ಆ ಸಂದೇಶ ದಾಟುವಾಗ ಹಿಂಬರಹದಲ್ಲಿದ್ದುದು ನನ್ನ ಹೆಸರು.

ಸಾಹಿತ್ಯ ಪತ್ರಿಕೆಗಳನ್ನು ಓದುವ ನಾವು ಇನ್ನೊಂದು ಪ್ರಸಂಗವನ್ನೂ ತಿಳಿದಿರಬೇಕು. ಅದು ನಡೆದದ್ದು ಮೊಬೈಲ್ ಇಲ್ಲದ ಕಾಲದಲ್ಲಿ. 1983ರ ಜುಲೈಯಲ್ಲಿ ದೆಹಲಿಯ 'ಪೇಟ್ರಿಯಟ್' ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. ಬರೆದವರು ಹೆಸರಾಂತ ಅಮೆರಿಕನ್ ವಿಜ್ಞಾನಿ ಎಂದಿತ್ತೇ ಹೊರತು ಹೆಸರಿರಲಿಲ್ಲ. ಏಡ್ಸ್ ರೋಗವನ್ನು ಅಮೆರಿಕದ ಸೈನ್ಯವೇ ತನ್ನ ಪ್ರಯೋಗಶಾಲೆಯಲ್ಲಿ ತಯಾರಿಸಿತೆಂದು ಅದರ ಸಾರ. ಎರಡು ವರ್ಷ ಅದು ಅಲ್ಲೇ ಮಲಗಿತ್ತು. 1985ರ ಅಕ್ಟೋಬರಿನಲ್ಲಿ ಮಾಸ್ಕೋದ ವಾರಪತ್ರಿಕೆಯೊಂದು ಅದನ್ನು ಎತ್ತಿಕೊಂಡಿತು, ಭಾರತದ ಪತ್ರಿಕೆಯೊಂದು ಹೀಗೆ ಬರೆದಿದೆ ಎಂಬ ಆಧಾರ ಕೊಟ್ಟು. ಆ ವಾರಪತ್ರಿಕೆಯ ಹೆಸರು 'ಲಿತೆರಾತುರ್ನಾಯ ಗಜೆಟಾ', ಅಂದರೆ ಸಾಹಿತ್ಯ ಪತ್ರಿಕೆ! 1987ರ ಹೊತ್ತಿಗೆ ಕತೆ 80ಕ್ಕೂ ಹೆಚ್ಚು ದೇಶಗಳನ್ನು, 30ಕ್ಕೂ ಹೆಚ್ಚು ಭಾಷೆಗಳನ್ನು ಸುತ್ತಿತು. ಇದು ಸೋವಿಯತ್ ಗುಪ್ತಚರ ಸಂಸ್ಥೆಯಾದ ಕೆಜಿಬಿಯ ಕೈವಾಡವೆಂದು 1992ರಲ್ಲಿ ರಷ್ಯದ ಗುಪ್ತಚರ ಮುಖ್ಯಸ್ಥರಾಗಿದ್ದ ಪ್ರಿಮಕೋವ್ ಒಪ್ಪಿಕೊಂಡರು. ಆ ವೈರಸ್ ಮಧ್ಯ ಆಫ್ರಿಕದ ಚಿಂಪಾಂಜಿಗಳಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮನುಷ್ಯರಿಗೆ ದಾಟಿತ್ತೆಂದು ವಿಜ್ಞಾನಿಗಳು ಆಮೇಲೆ ತೋರಿಸಿದ್ದಾರೆ.

ಇಲ್ಲಿ ಗಮನಿಸಬೇಕಾದ್ದು ರಚನೆಯ ಕೌಶಲ. ಮಾಸ್ಕೋದಲ್ಲಿ ಹುಟ್ಟಿದ್ದನ್ನು ಮಾಸ್ಕೋದಲ್ಲೇ ಮೊದಲು ಹೇಳಿದರೆ ಯಾರೂ ನಂಬುವುದಿಲ್ಲ. ಆದ್ದರಿಂದ ದೂರದ ಊರಿನ ಪತ್ರಿಕೆಯಲ್ಲಿ ಒಂದು ಬೀಜ ಹಾಕಿಟ್ಟು, ಮರೆತವರಂತಿದ್ದು, ಆಮೇಲೆ ಹೊರಗಿನವರು ಹೇಳಿದ್ದೆಂದು ಕೊಯ್ದುಕೊಂಡರು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ತನ್ನದೇ ಹಣವನ್ನು ಇನ್ನೊಬ್ಬರ ಖಾತೆಯ ಮೂಲಕ ತನ್ನ ಖಾತೆಗೆ ತರಿಸಿಕೊಂಡು ಆದಾಯವೆಂದು ತೋರಿಸುವ ಹಾಗೆ. ಒಂದು ಸಣ್ಣ ಪತ್ರಿಕೆ, ಒಂದು ಸಣ್ಣ ವಾರ್ಷಿಕ ಇಂಥ ಕೆಲಸಕ್ಕೆ ಖಾತೆಯಾಗಬಾರದೆಂಬ ಎಚ್ಚರ ನಮ್ಮ ಸಂಪಾದಕರಿಗೂ ಬರೆಯುವವರಿಗೂ ಬೇಕು.

ಎರಡನೆಯ ಪ್ರಶ್ನೆ ಅಂತ್ಯದ್ದು. ದ್ರೋಣವಧೆಯ ತಾಳಮದ್ದಳೆ ಕೇಳದವರು ನಮ್ಮಲ್ಲಿ ಕಡಿಮೆ. ಧರ್ಮರಾಯ ಆಡಿದ್ದು ಪೂರ್ಣವಾದ ವಾಕ್ಯವೇ. ಆದರೆ ಸತ್ತದ್ದು ಆನೆ ಎಂಬ ಕೊನೆಯ ಪದ ದ್ರೋಣನ ಕಿವಿಗೆ ತಲಪಲಿಲ್ಲ. ಅಷ್ಟಕ್ಕೇ ಆಚಾರ್ಯ ಬಿಲ್ಲು ಕೆಳಗಿಟ್ಟ. ಯುದ್ಧದಲ್ಲಿ ಮಾಹಿತಿಯ ಬಾಲ ಕತ್ತರಿಸಿದರೆ ಏನಾಗುತ್ತದೆಂದು ನಮ್ಮ ಅರ್ಥಧಾರಿಗಳು ಎಷ್ಟು ರಾತ್ರಿ ಎಷ್ಟು ಬಗೆಯಲ್ಲಿ ವಾದಿಸಿಲ್ಲ!

2018ರಲ್ಲಿ ನಮ್ಮ ದೇಶದಲ್ಲಿ ಹರಿದಾಡಿದ ವೀಡಿಯೋ ಒಂದು ಇದೇ ಜಾತಿಯದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವೊಂದನ್ನು ಎತ್ತಿಕೊಂಡು ಹೋಗುತ್ತಾರೆ; ಅಲ್ಲಿಗೆ ಮುಗಿಯುತ್ತದೆ. ಮಕ್ಕಳ ಕಳ್ಳರು ನಮ್ಮ ಊರಿಗೆ ಬಂದಿದ್ದಾರೆಂದು ಬರಹ ಸೇರಿಸಿ ಹಂಚಿದರು. ನಿಜವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷೆಯ ಬಗ್ಗೆ ತಿಳಿವಳಿಕೆ ಮೂಡಿಸಲು ನಟಿಸಿ ತಯಾರಿಸಿದ ಕಿರುಚಿತ್ರ. ಮೂಲದಲ್ಲಿ ಬೈಕಿನವರು ತಿರುಗಿ ಬಂದು ಮಗುವನ್ನು ಇಳಿಸುತ್ತಾರೆ. ಮಗು ಕಾಣೆಯಾಗಲು ಒಂದು ಕ್ಷಣ ಸಾಕೆಂಬ ಫಲಕವನ್ನು ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಮಕ್ಕಳನ್ನು ಕಾಪಾಡಲು ಮಾಡಿದ ಕೃತಿ ಅಂತ್ಯ ಕಳೆದುಕೊಂಡು ಮನುಷ್ಯರನ್ನು ಕೊಲ್ಲುವ ಕೃತಿಯಾಯಿತು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂಬ ವದಂತಿಯ ಮೇಲೆ ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಹಾಗೆಯೇ ಸತ್ತರು. ಅವರ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ನೆಪವಾಯಿತು. ಕಾರಿಗಿಂತ ಮೊದಲೇ ಸಂದೇಶ ಮುಂದಿನ ಊರು ತಲಪಿತ್ತು.

ಮೂರನೆಯದು ಅಕ್ಷರದ ಪ್ರಶ್ನೆ. ಇದರಲ್ಲಿ ನಮ್ಮ ವೃತ್ತಿಯವರಿಗೆ ಸ್ವಲ್ಪ ಹೆಮ್ಮೆಪಡುವ ಕತೆಯೊಂದಿದೆ. 2016ರ ಫೆಬ್ರವರಿಯಲ್ಲಿ ಕಳ್ಳರು ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಂಪ್ಯೂಟರಿಗೆ ನುಗ್ಗಿ, ಅದರ ಹೆಸರಿನಲ್ಲೇ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ ಹಣ ವರ್ಗಾಯಿಸುವ 35 ಆದೇಶಗಳನ್ನು ಕಳಿಸಿದರು. ಒಟ್ಟು ಮೊತ್ತ ಸುಮಾರು 95 ಕೋಟಿ ಡಾಲರ್. ಬಂದೂಕಿಲ್ಲ, ಗೋಡೆ ಕೊರೆದದ್ದಿಲ್ಲ. ನಂಬಿಕೆಯುಳ್ಳ ಸಂಸ್ಥೆಯ ದನಿಯಲ್ಲಿ ಬರೆದ ಸುಳ್ಳು ಪತ್ರಗಳು ಅಷ್ಟೆ. ಹೆಚ್ಚಿನವು ಅಲ್ಲೇ ತಡೆಯಲ್ಪಟ್ಟವು, 8 ಕೋಟಿ 10 ಲಕ್ಷ ಡಾಲರ್ ಫಿಲಿಪ್ಪೀನ್ಸಿಗೆ ಹೋಯಿತು. ಇನ್ನೂ 2 ಕೋಟಿ ಡಾಲರ್ ಶ್ರೀಲಂಕಾದ ಒಂದು ಸಂಸ್ಥೆಯ ಹೆಸರಿಗೆ ಹೊರಟಿತ್ತು. ಆ ಹೆಸರಿನಲ್ಲಿ 'ಫೌಂಡೇಶನ್' ಎಂದು ಇರಬೇಕಾದಲ್ಲಿ 'ಫ್ಯಾಂಡೇಶನ್' ಎಂದಿದ್ದುದನ್ನು ನಡುವಿನ ಬ್ಯಾಂಕಿನವರು ನೋಡಿ ವಿವರಣೆ ಕೇಳಿದರು. ಆ ಹಣ ಉಳಿಯಿತು. ಉತ್ತರ ಕೊರಿಯದ ಸರಕಾರಕ್ಕಾಗಿ ಕೆಲಸ ಮಾಡುವವರು ಇದನ್ನು ಮಾಡಿದರೆಂದು ಅಮೆರಿಕ 2018ರಲ್ಲಿ ಆರೋಪ ಹೊರಿಸಿತು. ಒಂದು ರಾಜ್ಯದ ಕಳ್ಳತನವನ್ನು ಒಂದು ಕಾಗುಣಿತ ದೋಷ ಅಷ್ಟರ ಮಟ್ಟಿಗೆ ತಡೆಯಿತು. ನಮ್ಮ 'ಅನುವಾದ'ವೂ ಅಂಥದೇ ಒಂದು ದೋಷ. ಅಲ್ಲಿಯವರು ನಿಂತು ಕೇಳಿದರು, ನಾನು ಕೇಳಲಿಲ್ಲ.

ಆದರೆ ಅಕ್ಷರದ ಈ ಪರೀಕ್ಷೆ ಇನ್ನು ಹೆಚ್ಚು ಕಾಲ ನಡೆಯುವಂತೆ ಕಾಣುವುದಿಲ್ಲ. ಯಂತ್ರಗಳು ಈಗ ನಮ್ಮ ಭಾಷೆಗಳನ್ನೂ ತಪ್ಪಿಲ್ಲದೆ ಬರೆಯಲು ಕಲಿಯುತ್ತಿವೆ. ಮನುಷ್ಯನ ಮುಖ, ದನಿ ಕೂಡ ಕಟ್ಟಿಕೊಡುತ್ತಿವೆ. ಈಚೆಗೆ ಒಬ್ಬ ಹಿರಿಯ ಮಹಿಳೆ ಠೇವಣಿ ಮುರಿಸಲು ನಮ್ಮ ಕೌಂಟರಿಗೆ ಬಂದರು, ಕೈ ನಡುಗುತ್ತಿತ್ತು. ಯಾರೋ ಪೊಲೀಸರ ಹೆಸರಿನಲ್ಲಿ ಅವರನ್ನು ಮನೆಯೊಳಗೇ 'ಡಿಜಿಟಲ್ ಅರೆಸ್ಟ್' ಮಾಡಿದ್ದರು. ಹಾಗೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಅವರ ಮೊಬೈಲಿನಲ್ಲಿದ್ದ ನೋಟೀಸನ್ನು ಓದಿದೆ. ಮುದ್ರೆ, ಸಹಿ, ಒಕ್ಕಣೆ ಯಾವುದರಲ್ಲೂ ದೋಷ ಕಾಣಲಿಲ್ಲ. "ಅಮ್ಮಾ, ಈ ನಂಬರು ನಿಮಗೆ ಕೊಟ್ಟವರು ಯಾರು? ನಾವೇ ಒಮ್ಮೆ ಠಾಣೆಗೆ ಹೋಗಿ ಕೇಳುವ" ಎಂದದ್ದು ಅವರ ಹಣ ಉಳಿಸಿತು. ಅಕ್ಷರ ಕೈಕೊಟ್ಟಾಗ ಉಳಿಯುವುದು ಮೊದಲಿನ ಎರಡು ಪ್ರಶ್ನೆಗಳೇ: ಯಾರು ಹೇಳಿದರು, ಪೂರ್ತಿ ಏನು ಹೇಳಿದರು. 2022ರ ಮಾರ್ಚ್ 16ರಂದು ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಶರಣಾಗಿರೆಂದು ತನ್ನ ಸೈನಿಕರಿಗೆ ಹೇಳುವ ಕೃತಕ ವೀಡಿಯೋ ಹೊರಬಂತು. ಇಂಥದೊಂದು ಬರಬಹುದೆಂದು ಅಲ್ಲಿಯ ಸರಕಾರ ಎರಡು ವಾರ ಮೊದಲೇ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. ಅಧ್ಯಕ್ಷರೂ ಅದೇ ದಿನ ತಾವೇ ಕಾಣಿಸಿಕೊಂಡು ಅಲ್ಲಗಳೆದರು. ಸೈನಿಕರು ದ್ರೋಣನಂತೆ ಬಿಲ್ಲು ಕೆಳಗಿಡಲಿಲ್ಲ.

ಕೊನೆಗೆ ವಿಮರ್ಶೆ ಓದುಗನ ಕಡೆಗೂ ತಿರುಗಬೇಕು. ಆ ಸಂದೇಶವನ್ನು ನಾನೇಕೆ ನಂಬಿದೆ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಮನೆಗಳಲ್ಲಿ ದೂರುಗಳಿವೆ. ಓದಲಾಗದ ಅರ್ಜಿ ನಮೂನೆ, ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು - ಇವು ಕಟ್ಟುಕತೆಗಳಲ್ಲ, ಅನುಭವಿಸಿದವರಿಗೆ ಗೊತ್ತು. ಕನ್ನಡದ ಹೆಸರನ್ನು ಬದಿಗಿಡುತ್ತಾರೆ ಎಂಬ ವಾಕ್ಯ ನಿಜವಾದ ಆ ನೋವಿನ ಪಕ್ಕದಲ್ಲೇ ಬಂದು ಕುಳಿತಿತು. ಅದನ್ನು ಪರೀಕ್ಷಿಸುವುದೆಂದರೆ ನಮ್ಮ ನೋವನ್ನೇ ಸಂಶಯಿಸಿದಂತೆ ಎಂದು ಆ ಗಳಿಗೆಯಲ್ಲಿ ಅನಿಸಿತು. ಅಲ್ಪಸಂಖ್ಯಾತರು ಸುಲಭವಾಗಿ ಮೋಸಹೋಗುವುದು ಇಲ್ಲೇ.

ಕ್ಯಾಷ್ ಕೌಂಟರಿನ ಅನುಭವವೊಂದನ್ನು ಹೇಳುತ್ತೇನೆ. ನೂರು ನೋಟಿನ ಕಟ್ಟಿನಲ್ಲಿ ಒಂದು ಖೋಟಾ ನೋಟು ಸಿಕ್ಕಿದರೆ, ಆಮೇಲೆ ಉಳಿದ ತೊಂಬತ್ತೊಂಬತ್ತನ್ನೂ ನಾವು ಸಂಶಯದಿಂದಲೇ ಎಣಿಸುತ್ತೇವೆ. ತಂದವರ ಮುಖವನ್ನೂ ಹಾಗೆಯೇ ನೋಡುತ್ತೇವೆ. ನಮ್ಮ ನಿಜವಾದ ದೂರುಗಳ ಕಟ್ಟಿನಲ್ಲಿ ಒಂದು ಸುಳ್ಳು ಸೇರಿದರೂ ಕೇಳುವ ಅಧಿಕಾರಿಗೆ ಕಟ್ಟನ್ನೇ ಬದಿಗಿಡಲು ನೆಪವಾಗುತ್ತದೆ. ತಲಪಾಡಿಯಲ್ಲಿ ಸುರಿದ ಮಣ್ಣು ನಿಜ, ದಾರಿಯಲ್ಲಿ ಸತ್ತವರು ನಿಜ. ಆ ನಿಜಕ್ಕೆ ಬೆಲೆ ಉಳಿಯಬೇಕಾದರೆ '11 ಮಂದಿ'ಯ ಸುಳ್ಳನ್ನು ಹೊರಗೆ ತೆಗೆಯಬೇಕಾದವರು ಮೊದಲು ನಾವೇ. ಆ 'ನಿನ್ನೆ' ಯಾವ ದಿನದ ನಿನ್ನೆ ಎಂದು ಅದರಲ್ಲಿ ಇರಲೇ ಇಲ್ಲ. ತಾರೀಕಿಲ್ಲದ ಚೆಕ್ಕಿಗೆ ನಾನು ಹಣ ಕೊಡುವವನಲ್ಲ. ತಾರೀಕಿಲ್ಲದ ಆ ಬರಹಕ್ಕೆ ದೊಡ್ಡಮ್ಮನ ಎರಡು ದಿನಗಳನ್ನು ಕೊಟ್ಟುಬಿಟ್ಟಿದ್ದೆ.

ನನ್ನ ತಪ್ಪನ್ನು ಗುಂಪಿನಲ್ಲಿ ಬರೆದು ತಿಳಿಸಿದೆ. ಮೊದಲಿನದನ್ನು ಓದಿದಷ್ಟು ಜನ ಅದನ್ನು ಓದಲಿಲ್ಲ. ಆಗಿನಿಂದ ಮಾಷ್ ಮತ್ತು ನಾನು ಒಂದು ರೂಢಿ ಇಟ್ಟುಕೊಂಡಿದ್ದೇವೆ. ಅವರ ಭಾಷೆಯಲ್ಲಿ ನಮ್ಮವರ ಬಗ್ಗೆ, ನಮ್ಮ ಭಾಷೆಯಲ್ಲಿ ಅವರವರ ಬಗ್ಗೆ ಏನಾದರೂ ಬಂದರೆ ಗೋಡೆಯ ಬಳಿ ನಿಂತು ಎರಡನ್ನೂ ಒಟ್ಟಿಗೆ ಓದುತ್ತೇವೆ. ಎಷ್ಟೋ ಸಲ ಎರಡೂ ಒಂದೇ ಆಗಿರುತ್ತವೆ, ಹೆಸರುಗಳು ಮಾತ್ರ ಅದಲುಬದಲು. ಎರಡು ಭಾಷೆಗಳಲ್ಲಿ ಅಚ್ಚಾಗುವ ಈ ವಾರ್ಷಿಕದ ಓದುಗರ ಮನೆಗಳಿಗೂ ಅಂಥ ಗೋಡೆಗಳಿರಬಹುದು. ಮುಂದಿನ ಸಲ ಸಂದೇಶ ಬಂದಾಗ ಕಳಿಸುವ ಮೊದಲು ಆಚೆ ಮನೆಯವರನ್ನು ಒಮ್ಮೆ ಕರೆಯಿರಿ. ಅನುವಾದ ಇಲ್ಲ ಎಂದು ಹೇಳುವ ಬರಹಕ್ಕೆ ನಾವು ಕೊಡಬಹುದಾದ ಉತ್ತರ ಅನುವಾದವೇ.